ಬೋನಾಳ: ಒಂದು ಊರಿನ ಹೆಸರಿನ ಹಿಂದೆ

ಮನುಷ್ಯನಿಗೆ ಹೆಸರಿಟ್ಟವರು ಯಾರೆಂಬುದನ್ನು ಹೇಳುವುದು ಕಷ್ಟವಲ್ಲ. ಜ್ಞಾನಸ್ನಾನದ ದಾಖಲೆ ಪುಸ್ತಕವನ್ನು ತೆರೆದರೆ ದಿನಾಂಕ, ತಂದೆತಾಯಿಗಳು, ಸಾಕ್ಷಿಗಳು ಎಲ್ಲವೂ ಒಂದೇ ಸಾಲಿನಲ್ಲಿ ಸಿಗುತ್ತವೆ. ಆದರೆ ಊರಿಗೆ ಹೆಸರಿಟ್ಟವರು ಯಾರು? ಅದು ಯಾವ ದಿನ ನಡೆಯಿತು? ಯಾರು ಸಾಕ್ಷಿ? ಈ ಪ್ರಶ್ನೆಗಳಿಗೆ ಉತ್ತರ ಹೇಳುವ ಪುಸ್ತಕ ಸಾಮಾನ್ಯವಾಗಿ ಇರುವುದಿಲ್ಲ. ಊರಿನ ಹೆಸರೇ ಆ ಊರಿನ ಮೊದಲ ದಾಖಲೆ; ಆದರೆ ಅದನ್ನು ಓದುವ ಕಣ್ಣು ಬೇಕು, ಅವಸರವಿಲ್ಲದ ಮನಸ್ಸು ಬೇಕು.

ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ ಬೋನಾಳ ಎಂಬ ಒಂದು ಸಣ್ಣ ಹಳ್ಳಿಯಿದೆ. ಹೊರಗಿನವರಿಗೆ ಈ ಹೆಸರು ಪರಿಚಯವಾಗಿರುವುದು ಅಲ್ಲಿನ ಕೆರೆಯಿಂದ, ಆ ಕೆರೆಗೆ ಬರುವ ಹಕ್ಕಿಗಳಿಂದ. ರಂಗನತಿಟ್ಟಿನ ನಂತರ ರಾಜ್ಯದ ಎರಡನೆಯ ದೊಡ್ಡ ಪಕ್ಷಿಧಾಮವೆಂದು ಇದನ್ನು ಹೇಳುವುದುಂಟು. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲದಲ್ಲಿ ಇಲ್ಲಿ ಇಳಿಯುತ್ತವೆ. ಬಿಸಿಲು ಮತ್ತು ಬಂಡೆಗಳ ನಾಡಿನಲ್ಲಿ ಇಂಥದೊಂದು ನೀರಿನ ಹರವನ್ನು ಕಂಡವರು ಕೆರೆಯ ಕಥೆಯನ್ನು ಕೇಳುತ್ತಾರೆ, ಹಕ್ಕಿಗಳ ಹೆಸರುಗಳನ್ನು ಕೇಳುತ್ತಾರೆ. ಊರಿನ ಹೆಸರಿನ ಅರ್ಥವೇನೆಂದು ಕೇಳುವವರು ಕಡಿಮೆ. ಆ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಳ್ಳೋಣ. ಉತ್ತರಕ್ಕಿಂತ ಹೆಚ್ಚಾಗಿ, ಉತ್ತರವನ್ನು ಹುಡುಕುವ ದಾರಿ ನಮಗೆ ಮುಖ್ಯ.

ಅಲೆದಾಡುವ ಒಂದು ಅಕ್ಷರ

ಇಂದು ನಾವು ಬರೆಯುವುದು ಬೋನಾಳ ಎಂದು. ಆದರೆ ಇಂಗ್ಲಿಷ್ ಬರಹಗಳಲ್ಲಿ ಈ ಹೆಸರು ಬೋನಾಲ್, ಬೋನ್ಹಾಲ್, ಬೋಹ್ನಾಲ್ ಎಂದು ಬಗೆಬಗೆಯಾಗಿ ಕಾಣಿಸಿಕೊಂಡಿದೆ. ಮೊದಲ ನೋಟಕ್ಕೆ ಇವು ಕೈತಪ್ಪುಗಳಂತೆ ತೋರುತ್ತವೆ. ಸ್ವಲ್ಪ ನಿಂತು ನೋಡಿದರೆ ಮೂರರಲ್ಲಿ ಎರಡು ರೂಪಗಳಲ್ಲಿ 'ಹ' ಎಂಬ ಧ್ವನಿ ಇದೆ. ಅದು ನಿಂತ ಜಾಗ ಮಾತ್ರ ಬೇರೆ. ಒಂದರಲ್ಲಿ ನಕಾರದ ಆಚೆ, ಇನ್ನೊಂದರಲ್ಲಿ ನಕಾರದ ಈಚೆ. ಕೇಳಿದವರ ಕಿವಿಗೆ ಒಂದು ಹಕಾರ ಬಿದ್ದಿದೆ. ಅದನ್ನು ಎಲ್ಲಿ ಇರಿಸಬೇಕೆಂದು ತಿಳಿಯದೆ ಅವರು ಅತ್ತಿತ್ತ ಇರಿಸಿದ್ದಾರೆ. ಇಲ್ಲದ ಧ್ವನಿಯನ್ನು ಪರಭಾಷೆಯವರು ಹೀಗೆ ಮತ್ತೆ ಮತ್ತೆ ಕಲ್ಪಿಸಿಕೊಳ್ಳುವುದಿಲ್ಲ. ಆದುದರಿಂದ ಹೆಸರಿನ ಎರಡನೆಯ ಭಾಗ 'ಆಳ' ಅಲ್ಲ, 'ನಾಳ'ವೂ ಅಲ್ಲ. ಅದು 'ಹಾಳ' ಎಂದು ತಿಳಿಯಲು ನಮಗೆ ಆಧಾರ ದೊರೆಯಿತು. ಬೋನ್ ಹಾಳ, ಬೋನ್ಹಾಳ, ಬೋನಾಳ: ಹೆಸರು ಸವೆದ ದಾರಿ ಇದು.

ಈ ಸವೆತ ಬೋನಾಳಕ್ಕೆ ಮಾತ್ರ ಬಂದದ್ದಲ್ಲ. ಕೊಪ್ಪಳ, ರಾಯಚೂರು ಭಾಗದಲ್ಲಿ ಹುಣಸಿಹಾಳ ಎಂಬ ಊರುಗಳಿವೆ. ವಿಜಯಪುರ, ಬೆಳಗಾವಿ ಭಾಗದಲ್ಲಿ ಹುಣಶ್ಯಾಳ ಎಂಬ ಊರುಗಳಿವೆ. ಎರಡೂ ಒಂದೇ ಹೆಸರು. ಮೊದಲನೆಯದರಲ್ಲಿ ಹಕಾರ ಉಳಿದಿದೆ, ಎರಡನೆಯದರಲ್ಲಿ ನಾಲಗೆಯ ಮೇಲೆ ಕರಗಿಹೋಗಿದೆ. ಹಳ್ಳಿ ಎಂಬ ಮಾತು ಕೂಡ ಹೆಸರಿನ ಕೊನೆಗೆ ಬಂದಾಗ ಆಡುಮಾತಿನಲ್ಲಿ 'ಳ್ಳಿ' ಎಂದಷ್ಟೇ ಉಳಿಯುವುದನ್ನು ನಾವೆಲ್ಲ ಕೇಳಿದ್ದೇವೆ.

ಮೇಲಾಗಿ ಈ ಹೆಸರು ಮೂರು ಲಿಪಿಗಳನ್ನು ಹಾದು ಬಂದಿದೆ. ಸುರಪುರ ಸಂಸ್ಥಾನವು ೧೮೫೮ರ ಬಂಡಾಯದ ನಂತರ ಹೈದರಾಬಾದಿನ ನಿಜಾಮನ ಆಳ್ವಿಕೆಗೆ ಸೇರಿತು. ೧೯೪೮ರವರೆಗೆ ಕಚೇರಿಯ ಕಾಗದಗಳು ಪಾರಸಿ, ಆಮೇಲೆ ಉರ್ದುವಿನಲ್ಲಿ ನಡೆದವು. ಆ ಲಿಪಿಯಲ್ಲಿ ನಮ್ಮ 'ಳ'ಕಾರಕ್ಕೆ ಅಕ್ಷರವಿಲ್ಲ. ರೋಮನ್ ಲಿಪಿಯಲ್ಲಿಯೂ ಲಕಾರ, ಳಕಾರಗಳಿಗೆ ಭೇದವಿಲ್ಲ. ೧೯೫೬ರಲ್ಲಿ ಈ ಸೀಮೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿ ಹೆಸರು ಮತ್ತೆ ಕನ್ನಡ ಕಾಗದಕ್ಕೆ ಮರಳಿತು. ಇಷ್ಟು ಸಲ ಬಟ್ಟೆ ಬದಲಿಸಿದ ಹೆಸರು ತನ್ನ ಮೂಲದ ಒಂದು ಗುರುತನ್ನಾದರೂ ಉಳಿಸಿಕೊಂಡು ಬಂದಿರುವುದೇ ಆಶ್ಚರ್ಯ.

ಹಾಳು ಎಂದರೆ ಏನು?

ಹಾಗಾದರೆ ಈ 'ಹಾಳ' ಎಂದರೇನು? ಹಳಗನ್ನಡದ ಪಕಾರವು ನಡುಗನ್ನಡದ ಹೊತ್ತಿಗೆ ಹಕಾರವಾದದ್ದು ಭಾಷೆಯ ಚರಿತ್ರೆಯಲ್ಲಿ ಎಲ್ಲರೂ ಒಪ್ಪಿದ ಸಂಗತಿ. ಪಾಲು ಹಾಲಾಯಿತು, ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು. ಅದರಂತೆಯೇ 'ಪಾೞ್' ಎಂಬ ಮಾತು 'ಹಾಳು' ಆಯಿತು. ಅದರ ಅರ್ಥ ಪಾಳುಬಿದ್ದದ್ದು, ಜನರಿಲ್ಲದ್ದು. ಅದರ ಕೊನೆಯಲ್ಲಿದ್ದ 'ೞ' ಎಂಬ ಅಕ್ಷರವೇ ಈಗ ನಮ್ಮ ವರ್ಣಮಾಲೆಯಿಂದ ಮರೆಯಾಗಿದೆ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಈ ಅಕ್ಷರವಿರುವ ಶಬ್ದಗಳನ್ನು ಬೇರೆಯಾಗಿ ಹೇಳಬೇಕಾಯಿತೆಂದರೆ, ಆಗಲೇ ಜನರ ಬಾಯಲ್ಲಿ ಅದು ಳಕಾರದೊಡನೆ ಬೆರೆಯತೊಡಗಿತ್ತು.

ಊರಿನ ಹೆಸರುಗಳ ಕೊನೆಯ 'ಹಾಳ'ವನ್ನು 'ಹಳ್ಳ' ಎಂಬುದರಿಂದ ತರುವವರೂ ಇದ್ದಾರೆ. ನೀರಿನ ದಡದಲ್ಲಿ ಊರು ಕಟ್ಟುವುದು ಸಹಜವಾದ್ದರಿಂದ ಆ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಇದೇ ಸುರಪುರ ಸೀಮೆಯ ಇನ್ನೊಂದು ಊರು ನಮಗೆ ಬೇರೆ ಸಾಕ್ಷ್ಯವನ್ನು ನುಡಿಯುತ್ತದೆ. ಆ ಊರು ಬೂದಿಹಾಳ.

ಬೂದಿಹಾಳದಲ್ಲಿ ಬೂದಿಯ ದಿಬ್ಬವಿದೆ. ದಕ್ಷಿಣ ಭಾರತದ ಹಲವೆಡೆ ಇಂಥ ದಿಬ್ಬಗಳಿವೆ. ಇವು ರಾಕ್ಷಸರನ್ನು ಸುಟ್ಟ ಬೂದಿಯೆಂದೂ, ಋಷಿಗಳ ಯಜ್ಞದ ಬೂದಿಯೆಂದೂ ಜನ ಕಥೆ ಹೇಳುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಮೊದಲಾದವರು ಇವುಗಳನ್ನು ಪರಿಶೀಲಿಸಿದರು. ೧೯೫೭ರಲ್ಲಿ ಉತ್ನೂರಿನ ದಿಬ್ಬವನ್ನು ಅಗೆದ ಆಲ್ಚಿನ್ ಅವರು ಇದು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿ ಸುಟ್ಟು ಆದ ಬೂದಿಯೆಂದು ತೋರಿಸಿದರು. ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರೊಫೆಸರ್ ಕೆ. ಪದ್ದಯ್ಯ ಅವರು ಹಲವು ವರ್ಷ ಉತ್ಖನನ ನಡೆಸಿದರು. ಸುಮಾರು ೪,೦೦೦ ವರ್ಷಗಳಷ್ಟು ಹಿಂದಿನ ಜನವಸತಿ, ದನಗಳನ್ನು ಕಟ್ಟುತ್ತಿದ್ದ ಜಾಗ, ಮಾಂಸ ಕೊಯ್ಯುತ್ತಿದ್ದ ಅಂಗಳ, ಕಲ್ಲಿನ ಅಲಗುಗಳನ್ನು ತಯಾರಿಸುತ್ತಿದ್ದ ಎಡೆ ಅಲ್ಲಿ ಬೆಳಕಿಗೆ ಬಂದವು.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ವಿದ್ವಾಂಸರು ಬಂದು ಅಗೆಯುವುದಕ್ಕೆ ಎಷ್ಟೋ ಮೊದಲೇ ಅಲ್ಲಿನ ರೈತರು ಆ ಜಾಗವನ್ನು ಬೂದಿಹಾಳ ಎಂದು ಕರೆದಿದ್ದರು. ಬೂದಿಯಿರುವ, ಹಾಳುಬಿದ್ದ ಹಳೆಯ ನೆಲೆ. ಎರಡೇ ಮಾತಿನಲ್ಲಿ ಇದಕ್ಕಿಂತ ನಿಖರವಾದ ವರದಿಯನ್ನು ಯಾವ ವಿದ್ವಾಂಸರೂ ಬರೆಯಲಾರರು. ಇಲ್ಲಿ ಹಳ್ಳ ಎಂಬ ಅರ್ಥಕ್ಕಿಂತ ಹಾಳು ಎಂಬ ಅರ್ಥವೇ ನೆಲದೊಡನೆ ಹೊಂದುತ್ತದೆ. ನೆರೆಯ ಊರಿನ ಹೆಸರು ಹೀಗೆ ನಿಜ ನುಡಿಯುವಾಗ ಬೋನಾಳದ ಹಾಳವನ್ನೂ ಅದೇ ಅರ್ಥದಲ್ಲಿ ತಿಳಿಯುವುದು ಯುಕ್ತ.

ಆದರೆ ಯಾರಾದರೂ ತಮ್ಮ ಊರನ್ನು ತಾವೇ ಹಾಳು ಎಂದು ಕರೆದುಕೊಳ್ಳುತ್ತಾರೆಯೇ? ಇದು ಸಹಜವಾದ ಸಂದೇಹ. ಉತ್ತರವು ದಖ್ಖನ್ನಿನ ಚರಿತ್ರೆಯಲ್ಲಿದೆ. ಬರ, ರೋಗ, ದಂಡು ಇವು ಮೂರೂ ಈ ನಾಡಿನ ಊರುಗಳನ್ನು ಮತ್ತೆ ಮತ್ತೆ ಬರಿದು ಮಾಡಿವೆ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಆರಂಭವಾದ ದುರ್ಗಾದೇವಿ ಬರ, ೧೭೯೧-೯೨ರ ಡೋಗಿ ಬರ, ೧೮೭೬-೭೮ರ ಮಹಾಕ್ಷಾಮ ಇವುಗಳ ನೆನಪು ಜನರ ಮಾತಿನಲ್ಲಿ ಬಹುಕಾಲ ಉಳಿದಿತ್ತು. ಕಂದಾಯದ ಲೆಕ್ಕದಲ್ಲಿ ಜನರಿಲ್ಲದ ಊರಿಗೆ 'ಬೇಚರಾಕ್' ಎಂಬ ಹೆಸರಿದೆ. ಪಾರಸಿಯ ಬೇ-ಚಿರಾಗ್ ಎಂಬುದು ಅದರ ಮೂಲ. ದೀಪವಿಲ್ಲದ್ದು ಎಂದು ಅರ್ಥ. ಸಂಜೆಯಾದಾಗ ಒಂದೂ ದೀಪ ಕಾಣದ ಊರು ಬೇಚರಾಕ್.

ಹಾಗೆ ಬರಿದಾದ ಊರಿಗೆ ಮತ್ತೆ ಜನರನ್ನು ತರಲು ಅರಸರು 'ಕೌಲು' ಕೊಡುತ್ತಿದ್ದರು. ಮೊದಲ ವರ್ಷಗಳಲ್ಲಿ ಕಡಿಮೆ ಕಂದಾಯ, ಭೂಮಿ ಹಸನಾದಂತೆ ಸ್ವಲ್ಪ ಸ್ವಲ್ಪವೇ ಏರಿಕೆ. ಹೀಗೆಂದು ಕೊಟ್ಟ ಭಾಷೆಯೇ ಕೌಲು. ಬಂದವರು ಹಳೆಯ ಗೋಡೆಗಳ ಬುಡದಲ್ಲಿ ಹೊಸ ಒಲೆ ಹೂಡುತ್ತಿದ್ದರು. ಸುತ್ತಲಿನವರು ಆ ಜಾಗವನ್ನು ಮೊದಲಿನಿಂದ ಇಂಥ ಹಾಳು ಎಂದು ಕರೆಯುತ್ತಿದ್ದರು. ಜನ ಬಂದ ಮೇಲೂ ಹೆಸರು ಹಾಗೆಯೇ ಉಳಿಯಿತು. ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆಯನ್ನು ನಾವು ಈಗ ಹಾಸ್ಯಕ್ಕೆ ಬಳಸುತ್ತೇವೆ. ಒಂದು ಕಾಲದಲ್ಲಿ ಅದು ಕಣ್ಣೆದುರಿನ ಸಂಗತಿಯಾಗಿತ್ತು. ಆದ್ದರಿಂದ ಹೆಸರಿನಲ್ಲಿರುವ ಹಾಳು ಅವಮಾನದ ಮಾತಲ್ಲ. ಹಾಳಾದದ್ದು ಮತ್ತೆ ಊರಾಯಿತು ಎಂಬುದಕ್ಕೆ ಅದೇ ಸಾಕ್ಷಿ.

ಬೋನವೋ, ಬೋನೋ, ಬೋಯನೋ?

ಇನ್ನು ಹೆಸರಿನ ಮೊದಲ ಭಾಗ. ಇಲ್ಲಿ ಮೂರು ದಾರಿಗಳು ನಮ್ಮೆದುರಿಗೆ ತೆರೆಯುತ್ತವೆ.

ಮೊದಲನೆಯದು ಅತ್ಯಂತ ಆಕರ್ಷಕವಾದದ್ದು. ಸಂಸ್ಕೃತದ ಭೋಜನ ಎಂಬುದು ಕನ್ನಡದಲ್ಲಿ ಬೋನ ಆಯಿತು. ಬೋನವೆಂದರೆ ಅನ್ನ, ಅಡುಗೆ, ದೇವರ ಮುಂದಿಡುವ ಎಡೆ. ನೆರೆಯ ತೆಲಂಗಾಣದಲ್ಲಿ ಹೆಂಗಸರು ಅನ್ನದ ಗಡಿಗೆಯನ್ನು ತಲೆಯ ಮೇಲೆ ಹೊತ್ತು ದೇವಿಗೆ ಒಪ್ಪಿಸುವ ಬೋನಾಲು ಹಬ್ಬಕ್ಕೂ ಇದೇ ಮಾತು ಮೂಲ. ಬೋನದ ಹಾಳ, ಅಂದರೆ ಅನ್ನದ ಊರು! ಬೆತ್ಲೆಹೇಮ್ ಎಂಬ ಹೆಸರಿಗೆ ಹೀಬ್ರೂ ಭಾಷೆಯಲ್ಲಿ ರೊಟ್ಟಿಯ ಮನೆ ಎಂದು ಅರ್ಥ ಹೇಳುವುದನ್ನು ಬಲ್ಲ ನಮ್ಮ ಓದುಗರಿಗೆ ಇದು ಬಹಳ ಹಿಡಿಸಬಹುದು. ಜೋಳದ ನಾಡಿನಲ್ಲಿ ಕೆರೆಯ ಕೆಳಗೆ ಮಾತ್ರ ಭತ್ತ ಬೆಳೆಯುತ್ತಿದ್ದ ಕಾಲವನ್ನು ನೆನೆದರೆ, ಅನ್ನದ ಹೆಸರು ಕೆರೆಯ ಊರಿಗೆ ಒಪ್ಪುತ್ತದೆ ಎಂದೂ ತೋರುತ್ತದೆ.

ಎರಡನೆಯದು ಬೋನು, ಅಂದರೆ ಪ್ರಾಣಿಗಳನ್ನು ಹಿಡಿಯುವ ಪಂಜರ. ಸುರಪುರವು ಬೇಡ ನಾಯಕರ ನಾಡು. ಬೇಟೆ ಅವರ ಕುಲವೃತ್ತಿ. ಬೋನನ್ನು ಇಟ್ಟಿದ್ದ ಹಾಳು ಜಾಗ ಬೋನ್ಹಾಳ ಆಗಿರಬಹುದು. ಇಂದು ಹಕ್ಕಿಗಳಿಗೆ ಅಭಯ ಕೊಟ್ಟ ಊರಿಗೆ ಒಂದು ಕಾಲದಲ್ಲಿ ಪಂಜರದ ಹೆಸರಿತ್ತು ಎಂದರೆ ಕಥೆಗೆ ಸೊಗಸಾದ ತಿರುವು ಸಿಗುತ್ತದೆ.

ಮೂರನೆಯದರಲ್ಲಿ ಇಂಥ ಸೊಗಸೇನೂ ಇಲ್ಲ. ಪಲ್ಲಕ್ಕಿ ಹೊರುವವನನ್ನು ಬೋವ, ಬೋಯಿ ಎನ್ನುತ್ತಾರೆ. ತೆಲುಗು ನಾಡಿನಲ್ಲಿ ಬೋಯ ಎಂದರೆ ಬೇಡ. ಕನ್ನಡದ ಬೇಡರನ್ನೇ ಅಲ್ಲಿ ಬೋಯರು ಎಂದು ಕರೆಯುತ್ತಾರೆ. ಬೋಯನ ಹಾಳ ಅಥವಾ ಬೋವನ ಹಾಳ ಎಂಬುದು ವೇಗದ ಮಾತಿನಲ್ಲಿ ಬೋನ್ಹಾಳ ಆಗಲು ಏನೂ ತಡೆಯಿಲ್ಲ. ಹಾಗಾದರೆ ನಡುವೆ ಇರುವ ನಕಾರವು 'ಅವನ' 'ಇವನ' ಎಂಬಲ್ಲಿನ ಷಷ್ಠೀ ವಿಭಕ್ತಿಯ ನಕಾರ. ಯಾರೋ ಒಬ್ಬ ಬೋಯನ ಪಾಲಿಗೆ ಬಂದ ಹಾಳುನೆಲ.

ಈ ಮೂರರಲ್ಲಿ ಯಾವುದನ್ನು ಹಿಡಿಯಬೇಕು? ಇಲ್ಲಿ ನಮ್ಮ ಇಷ್ಟವನ್ನು ಬದಿಗಿಟ್ಟು ಹೆಸರುಗಳ ರೂಢಿಯನ್ನು ಕೇಳಬೇಕು. ಹಾಳ ಎಂದು ಮುಗಿಯುವ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದರೆ ಅವುಗಳ ಮೊದಲ ಭಾಗದಲ್ಲಿ ಹುಣಸೆಯಂಥ ಮರವಿದೆ, ಬೂದಿಯಂಥ ಕಣ್ಣಿಗೆ ಕಾಣುವ ವಸ್ತುವಿದೆ, ನಾಗರಹಾಳದಲ್ಲಿರುವಂತೆ ನಾಗರವಿದೆ. ದೂರದಿಂದ ಗುರುತಿಸಿ ತೋರಿಸಬಹುದಾದ ಸಂಗತಿಗಳಿವು. ಬೇಯಿಸಿದ ಅನ್ನವು ನೆಲಕ್ಕೆ ಗುರುತಾಗುವುದು ಕಷ್ಟ. ಹಾಳುನೆಲಕ್ಕೂ ಅನ್ನಕ್ಕೂ ಹೊಂದಿಕೆ ಕಡಿಮೆ. ಕೆರೆಯ ಭತ್ತದಿಂದ ಹೆಸರು ಬಂತೆನ್ನುವುದಾದರೆ ಹೆಸರು ಕೆರೆಗಿಂತ ಈಚಿನದಾಗಬೇಕು. ಕೆರೆಯ ನೀರಿನಿಂದ ತುಂಬಿ ಬಾಳುವ ಊರನ್ನು ಆಗ ಹಾಳು ಎನ್ನುವುದೇಕೆ? ತೆಲುಗಿನ ಬೋನಾಲು ಎಂಬುದರ ಕೊನೆಯ 'ಲು' ಬಹುವಚನದ ಪ್ರತ್ಯಯ. ಅದಕ್ಕೂ ನಮ್ಮ ಹಾಳಕ್ಕೂ ಸಂಬಂಧವಿಲ್ಲ. ಕೇಳಲು ಒಂದೇ ಬಗೆಯಾಗಿದ್ದ ಮಾತ್ರಕ್ಕೆ ಎರಡು ಮಾತುಗಳು ಒಡಹುಟ್ಟುಗಳಾಗುವುದಿಲ್ಲ. ಇನ್ನು ಬೋನು. ಹಕ್ಕಿ ಹಿಡಿಯುವವರು ಬಳಸುತ್ತಿದ್ದುದು ಬಲೆ ಮತ್ತು ಉರುಳು. ಬೋನು ಚಿರತೆಯಂಥ ಮೃಗಕ್ಕೆ. ಬೇಟೆಯ ಸಾಧನದಿಂದ ಊರು ಹೆಸರು ಪಡೆಯುವುದು ಅಪರೂಪ.

ಆದರೆ ವ್ಯಕ್ತಿಯಿಂದ, ಸಮುದಾಯದಿಂದ ಹೆಸರು ಪಡೆದ ಊರುಗಳಿಗೆ ಕರ್ನಾಟಕದಲ್ಲಿ ಲೆಕ್ಕವಿಲ್ಲ. ಗೌಡನಹಳ್ಳಿ, ಕುರುಬರಹಳ್ಳಿ, ಬೋವನಹಳ್ಳಿ ಇವು ಎಲ್ಲ ಸೀಮೆಗಳಲ್ಲಿಯೂ ಸಿಗುತ್ತವೆ. ಬೇಡರು ನೆಲೆಸಿ ಆಳಿದ, ಕನ್ನಡ ತೆಲುಗುಗಳು ಕೂಡುವ ಈ ನೆಲದಲ್ಲಿ ಬೋಯನ ಹಾಳ ಎಂಬುದು ತೀರ ಸಾಧಾರಣವಾದ ಹೆಸರು. ಸಾಧಾರಣ ಎಂಬುದೇ ಅದರ ಬಲ. ಸ್ಥಳನಾಮಗಳ ವಿಷಯದಲ್ಲಿ ಸೊಗಸಾದ ವಿವರಣೆಗಿಂತ ಸಪ್ಪೆಯಾದ ವಿವರಣೆ ನಿಜವಾಗಿರುವ ಸಂಭವವೇ ಹೆಚ್ಚು. ಏಕೆಂದರೆ ಹೆಸರಿಟ್ಟವರು ಕವಿಗಳಲ್ಲ; ದನ ಹುಡುಕಿಕೊಂಡು ಹೊರಟವರು, ಹೊಲಕ್ಕೆ ದಾರಿ ಹೇಳಬೇಕಾದವರು. ಆದುದರಿಂದ ನಮ್ಮ ಮನಸ್ಸು ಮೂರನೆಯ ದಾರಿಗೆ ಒಲಿಯುತ್ತದೆ. ಮುಂದೊಂದು ದಿನ ಯಾವುದಾದರೂ ಶಾಸನ, ಹಳೆಯ ಕಾಗದ ಬೇರೆ ಮಾತನ್ನು ಹೇಳಿದರೆ ಅದಕ್ಕೆ ತಲೆಬಾಗುವುದೇ ಧರ್ಮ.

ಒಂದೇ ಹೆಸರಿಗೆ ಎರಡು ಮೂರು ವಿವರಣೆಗಳನ್ನು ಒಟ್ಟಿಗೆ ಇರಿಸಿಕೊಳ್ಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ. ಪವಿತ್ರ ಗ್ರಂಥದ ಆದಿಕಾಂಡವೇ ಬೇರ್ಷೆಬ ಎಂಬ ಊರಿನ ಹೆಸರನ್ನು ಎರಡು ಕಡೆ ವಿವರಿಸುತ್ತದೆ. ೨೧ನೆಯ ಅಧ್ಯಾಯದಲ್ಲಿ ಅದು ಅಬ್ರಹಾಮನು ಅಬಿಮೆಲೆಕನೊಡನೆ ಆಣೆಯಿಟ್ಟ ಸ್ಥಳ. ಅಲ್ಲಿಯೇ ಏಳು ಕುರಿಮರಿಗಳ ಮಾತೂ ಬರುತ್ತದೆ. ೨೬ನೆಯ ಅಧ್ಯಾಯದಲ್ಲಿ ಅದೇ ಹೆಸರು ಇಸಾಕನ ಸೇವಕರು ತೋಡಿದ ಬಾವಿಯೊಡನೆ ಸೇರುತ್ತದೆ. ಹೀಬ್ರೂ ಭಾಷೆಯಲ್ಲಿ ಆಣೆ ಮತ್ತು ಏಳು ಎಂಬ ಮಾತುಗಳ ಧ್ವನಿ ಒಂದೇ ಬಗೆಯದು. ಆ ಗ್ರಂಥವನ್ನು ಸಂಪಾದಿಸಿದವರು ಒಂದನ್ನು ಅಳಿಸಿ ಇನ್ನೊಂದನ್ನು ಮಾತ್ರ ಉಳಿಸಲಿಲ್ಲ. ಅಷ್ಟು ತಾಳ್ಮೆ ನಮಗೂ ಇರಬೇಕು.

ಅರಸರು ಇಟ್ಟ ಹೆಸರು, ಜನ ಉಳಿಸಿದ ಹೆಸರು

ಬೋನಾಳದ ಕೆರೆಯ ವಿಷಯ ಬಂದಾಗ ಇಬ್ಬರ ಹೆಸರು ಹೇಳುವುದು ವಾಡಿಕೆ. ಕೆರೆಯನ್ನು ಕಟ್ಟಿಸಿದವರು ಸುರಪುರದ ಗೋಸಲ ವಂಶದ ನಾಯಕರು. ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಹೆಚ್ಚಿಸಿ ಸರಿಪಡಿಸಿದವರು ಫಿಲಿಪ್ ಮೆಡೋಸ್ ಟೇಲರ್. ೧೮೦೮ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಟೇಲರ್ ೧೮೪೧ರಲ್ಲಿ ಸುರಪುರಕ್ಕೆ ಬಂದರು. ಅರಸು ಕೃಷ್ಣಪ್ಪ ನಾಯಕನು ತೀರಿಕೊಂಡ ಮೇಲೆ ಎಳೆಯ ವೆಂಕಟಪ್ಪ ನಾಯಕನ ಪರವಾಗಿ ೧೮೫೩ರವರೆಗೆ ಸಂಸ್ಥಾನದ ಆಡಳಿತವನ್ನು ನಡೆಸಿದರು. ಈ ಸೀಮೆಯ ಶಿಲಾಸಮಾಧಿಗಳ ಬಗ್ಗೆ ಬರೆದರು. ಅವರು ಬಿಟ್ಟುಹೋದ ಆತ್ಮಕಥೆ ಅವರ ಮರಣಾನಂತರ ೧೮೭೭ರಲ್ಲಿ ಪ್ರಕಟವಾಯಿತು. ದಖ್ಖನ್ನಿನ ಜನ ಅವರನ್ನು ಮಹಾದೇವ ಬಾಬಾ ಎಂದು ಕರೆಯುತ್ತಿದ್ದರು. ಮೆಡೋಸ್ ಎಂಬ ಪರದೇಶದ ಹೆಸರು ಹಳ್ಳಿಗರ ನಾಲಗೆಯಲ್ಲಿ ಮಹಾದೇವ ಆದದ್ದು ಹೇಗೋ, ಬೋನ್ಹಾಳ ಎಂಬ ನಮ್ಮ ಹೆಸರು ಇಂಗ್ಲಿಷರ ಲೇಖನಿಯಲ್ಲಿ ಬೋಹ್ನಾಲ್ ಆದದ್ದು ಹಾಗೆಯೇ. ಹೆಸರುಗಳ ಲೋಕದಲ್ಲಿ ಕೊಡುಕೊಳೆ ಎರಡೂ ಕಡೆಯಿಂದ ನಡೆಯುತ್ತದೆ.

ಆಳುವವರು ಊರುಗಳಿಗೆ ತಮಗೆ ಬೇಕಾದ ಹೆಸರನ್ನು ಇಡಲು ಹೊರಟ ಉದಾಹರಣೆಯೂ ಇಲ್ಲಿಯೇ ಇದೆ. ಸುರಪುರಕ್ಕಿಂತ ಮೊದಲು ನಾಯಕರ ಬಲವಾದ ನೆಲೆಯಾಗಿದ್ದುದು ವಾಗಿನಗೇರಾ. ೧೭೦೫ರಲ್ಲಿ ಔರಂಗಜೇಬನು ತಾನೇ ಸೈನ್ಯದೊಡನೆ ಬಂದು ಅದನ್ನು ಮುತ್ತಿದನು. ಅದು ಆ ಬಾದಶಹನ ಕೊನೆಯ ಮುತ್ತಿಗೆ. ಕೋಟೆ ಕೈಗೆ ಬಂತು. ಪಿಡ್ಡನಾಯಕನು ಮಾತ್ರ ಕೈಗೆ ಸಿಗದೆ ಪಾರಾದನು. ಗೆದ್ದ ಕೋಟೆಗೆ ರಹಮಾನ್ ಬಕ್ಷ್ ಖೇಡಾ ಎಂದು ಹೊಸ ಹೆಸರಿಡಲಾಯಿತು. ಎರಡು ವರ್ಷಗಳಲ್ಲಿ ಬಾದಶಹನು ಅಹಮದನಗರದಲ್ಲಿ ತೀರಿಕೊಂಡನು. ಹೊಸ ಹೆಸರು ಪಾರಸಿ ಪುಸ್ತಕಗಳಲ್ಲಿ ಉಳಿಯಿತು. ಊರು ವಾಗಿನಗೇರಾ ಆಗಿಯೇ ಉಳಿಯಿತು. ಶಹಾಪುರದ ಬಳಿಯ ಸಗರಕ್ಕೂ ನುಸ್ರತಾಬಾದ್ ಎಂಬ ಹೆಸರು ದಾಖಲೆಗಳಲ್ಲಿದೆ. ಚಾಲುಕ್ಯರ ಕಾಲದಲ್ಲಿ ಸಗರ ಮುನ್ನೂರು ಎಂಬ ನಾಡಾಗಿದ್ದ ಆ ಊರನ್ನು ಜನ ಇಂದಿಗೂ ಸಗರ ಎಂದೇ ಕರೆಯುತ್ತಾರೆ.

ದೂರದ ಯೂರೋಪಿನಲ್ಲಿಯೂ ಇಂಥದೇ ಒಂದು ಪ್ರಸಂಗ ನಡೆದಿದೆ. ಸ್ಲೊವೇನಿಯಾ ಆಗ ಯುಗೊಸ್ಲಾವಿಯಾದ ಭಾಗವಾಗಿತ್ತು. ಅಲ್ಲಿನ ಕಮ್ಯುನಿಸ್ಟ್ ಸರ್ಕಾರ ೧೯೪೮ರಲ್ಲಿ ಊರುಗಳ ಹೆಸರುಗಳ ಬಗ್ಗೆ ಒಂದು ಕಾನೂನನ್ನು ತಂದಿತು. ಸಂತರ ಹೆಸರು ಹೊತ್ತಿದ್ದ ಅನೇಕ ಹಳ್ಳಿಗಳಿಗೆ ಬೇರೆ ಹೆಸರುಗಳು ಬಂದವು. ಶತಮಾನಗಳಿಂದ ಸಂತ ಜಾರ್ಜರ ಊರು ಎಂದು ಕರೆಸಿಕೊಂಡಿದ್ದ ಹಳ್ಳಿಯ ಫಲಕ ಬದಲಾಯಿತು. ೧೯೯೦ರ ನಂತರ ಹಲವು ಊರಿನವರು ತಮ್ಮ ಹಳೆಯ ಹೆಸರನ್ನು ಕೇಳಿ ಮರಳಿ ಪಡೆದರು. ಒಂದು ತಲೆಮಾರಿಗೂ ಮೀರಿದ ಕಾಲ ಫಲಕದಲ್ಲಿ ಇಲ್ಲದ ಹೆಸರು ಮನೆಗಳಲ್ಲಿ ಬದುಕಿತ್ತು.

ಇದರ ಅರ್ಥ ಹೆಸರುಗಳು ಎಂದೂ ಅಳಿಯುವುದಿಲ್ಲ ಎಂದಲ್ಲ. ಜನ ಇರುವವರೆಗೆ ಹೆಸರು ಇರುತ್ತದೆ. ಜನ ಚದುರಿದರೆ, ಹೇಳುವ ಬಾಯಿಗಳು ಮುಗಿದರೆ, ಹೆಸರೂ ಮುಗಿಯುತ್ತದೆ.

ನಮ್ಮ ಕಾಲದ ಹ‍ಾಳುಗಳು

ಸುರಪುರ, ಶಹಾಪುರಗಳ ಊರ ಹೆಸರುಗಳನ್ನು ಒಂದರ ಕೆಳಗೊಂದು ಬರೆದರೆ ಆ ನೆಲದ ಚರಿತ್ರೆ ಪದರಪದರವಾಗಿ ಕಾಣುತ್ತದೆ. ಬಾವಿ ತೋಡಿದವರ ನೆನಪು ಕೆಂಭಾವಿಯಲ್ಲಿದೆ. ದನ ಕಟ್ಟಿದವರ ನೆನಪು ದೊಡ್ಡಿ ಎಂದು ಮುಗಿಯುವ ಹೆಸರುಗಳಲ್ಲಿದೆ. ಕೇರಿಯಿಂದ ಬೆಳೆದ ಊರುಗಳು ಗೇರಾ ಆದವು. ಸುಲ್ತಾನರ ಕಾಲ ಪುರ, ಆಬಾದುಗಳನ್ನು ತಂದಿತು. ಲಂಬಾಣಿಗಳು ನೆಲೆನಿಂತಲ್ಲಿ ತಾಂಡಾಗಳಾದವು. ನಾರಾಯಣಪುರದ ಬಸವಸಾಗರ ಅಣೆಕಟ್ಟಿನ ಕಾಲುವೆ ಬಂದ ಮೇಲೆ ಆಂಧ್ರದ ರೈತರು ಬಂದು ನೆಲೆಸಿದ ಕಡೆ ಕ್ಯಾಂಪ್‌ಗಳು ಹುಟ್ಟಿದವು. ಜೋಳದ ನೆಲದಲ್ಲಿ ಈಗ ಭತ್ತದ ಗದ್ದೆಗಳಿವೆ.

ಅದೇ ಅಣೆಕಟ್ಟಿನ ನೀರು ಕೃಷ್ಣೆಯ ದಡದ ಊರುಗಳನ್ನು ಮುಳುಗಿಸಿತು. ಕೆಳಗೆ ನಾರಾಯಣಪುರ, ಮೇಲೆ ಆಲಮಟ್ಟಿ. ಎರಡು ಜಲಾಶಯಗಳ ನಡುವೆ ಎಷ್ಟೋ ಜನ ತಮ್ಮ ಊರಿನ ಹೆಸರನ್ನು ಮಾತ್ರ ಹೊತ್ತುಕೊಂಡು ಪುನರ್ವಸತಿ ಕೇಂದ್ರಗಳಿಗೆ ನಡೆದರು. ಊರಿನ ಹೆಸರೇನೋ ಹೊಸ ಫಲಕಕ್ಕೆ ಬಂತು. ಆದರೆ ಆ ಊರಿನ ಒಂದೊಂದು ಹೊಲಕ್ಕೂ, ಹಳ್ಳದ ಒಂದೊಂದು ತಿರುವಿಗೂ, ಗುಡ್ಡಕ್ಕೂ, ಗುಂಡಿಗೂ ಇದ್ದ ಹೆಸರುಗಳು ನೀರಿನ ಕೆಳಗೆ ಉಳಿದವು. ಅವನ್ನು ಕೂಗಿ ಕರೆಯಲು ಈಗ ಅಲ್ಲಿ ಯಾರೂ ಇಲ್ಲ. ನಾಡಿನ ಒಳಿತಿಗಾಗಿ ತಮ್ಮ ಮನೆಯ ದೀಪವನ್ನು ತಾವೇ ಆರಿಸಿ ಹೊರಟ ಅವರ ಊರುಗಳು ನಮ್ಮ ಕಾಲದ ಬೇಚರಾಕ್‌ಗಳು.

ನೀರು ಬಾರದ ಊರುಗಳಲ್ಲಿಯೂ ಈ ನಷ್ಟ ನಡೆಯುತ್ತಲೇ ಇದೆ. ಅಜ್ಜನಿಗೆ ಹೊಲ ಎಂದರೆ ಒಂದು ಹೆಸರು. ಮಗನಿಗೆ ಅದು ಸರ್ವೆ ನಂಬರು. ಪಟ್ಟಣದಲ್ಲಿ ನೆಲೆಸಿದ ಮೊಮ್ಮಗನಿಗೆ ಅದು ಎಷ್ಟು ಎಕರೆ ಎಂಬ ಲೆಕ್ಕ ಮಾತ್ರ. ರೋಮನ್ ಅಕ್ಷರದ ಫಲಕವನ್ನು ಓದಿ ಬೋನಾಳವನ್ನು ಬೋನಲ್ ಎನ್ನುವ ಪ್ರವಾಸಿಗನನ್ನು ತಿದ್ದುವುದು ಸುಲಭ. ತನ್ನದೇ ಹೊಲದ ಹೆಸರನ್ನು ಮರೆತವನನ್ನು ತಿದ್ದುವವರು ಯಾರು?

ಶಂ. ಬಾ. ಜೋಶಿಯವರು ಊರ ಹೆಸರುಗಳನ್ನೇ ಆಧಾರವಾಗಿಟ್ಟುಕೊಂಡು ಕನ್ನಡ ನಾಡಿನ ಹಳೆಯ ಎಲ್ಲೆಗಳನ್ನು ಹುಡುಕಿದರು. ಅಷ್ಟು ದೊಡ್ಡ ಕೆಲಸ ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಒಂದು ಸಣ್ಣ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು. ಮನೆಯಲ್ಲಿ ಹಿರಿಯರಿದ್ದರೆ ಒಂದು ಸಂಜೆ ಅವರ ಬಳಿ ಕುಳಿತು ಊರಿನ ಹೊಲಗಳ, ಹಳ್ಳಗಳ, ದಿಬ್ಬಗಳ ಹೆಸರುಗಳನ್ನು ಕೇಳಿ ಬರೆದುಕೊಳ್ಳಬಹುದು. ಅವರು ಉಚ್ಚರಿಸಿದಂತೆಯೇ ಬರೆಯಬೇಕು. ನಮಗೆ ಶುದ್ಧವೆಂದು ತೋರಿದಂತೆ ತಿದ್ದಬಾರದು. ಅರ್ಥ ಹೊಳೆಯದಿದ್ದರೂ ಚಿಂತೆಯಿಲ್ಲ. ಒಂದು ಹಕಾರವನ್ನು ಯಾರೋ ಒಬ್ಬರು ತಮ್ಮ ಕಿವಿಗೆ ಬಿದ್ದಂತೆ ಬರೆದಿಟ್ಟದ್ದರಿಂದಲೇ ಬೋನಾಳದ ಹೆಸರಿನ ಬಾಗಿಲು ಇಂದು ನಮಗೆ ತೆರೆಯಿತು ಎಂಬುದನ್ನು ಮರೆಯಬಾರದು.

ಕೆರೆಯ ಏರಿಯ ಮೇಲೆ ನಿಂತು ನೋಡುವವರಿಗೆ ಬೋನಾಳದಲ್ಲಿ ನೀರು ಕಾಣುತ್ತದೆ, ಹಕ್ಕಿಗಳು ಕಾಣುತ್ತವೆ. ಕೆರೆ ಕಟ್ಟಿಸಿದ ನಾಯಕರ ಹೆಸರು ಚರಿತ್ರೆಯಲ್ಲಿದೆ. ಅದನ್ನು ಸರಿಪಡಿಸಿದ ಟೇಲರರ ಹೆಸರು ಪುಸ್ತಕಗಳಲ್ಲಿದೆ. ಆದರೆ ಅವರೆಲ್ಲರಿಗಿಂತ ಮೊದಲು, ದೀಪವಿಲ್ಲದ ಆ ಹಾಳಿಗೆ ಬಂದು ಒಲೆ ಹೂಡಿದ ಒಬ್ಬ ಬೋಯನಿದ್ದಿರಬಹುದು. ಅವನ ಸ್ವಂತ ಹೆಸರು ಉಳಿದಿಲ್ಲ. ಅವನಿಗೆ ಕಲ್ಲು ನೆಟ್ಟವರಿಲ್ಲ. ಆದರೂ ಬೋನಾಳಕ್ಕೆ ಹೋಗುವ ದಾರಿ ಯಾವುದು ಎಂದು ಯಾರಾದರೂ ಕೇಳಿದಾಗಲೆಲ್ಲ ಅವನ ನೆನಪು ಒಂದು ಸಲ ಉಚ್ಚಾರವಾಗುತ್ತದೆ. ಬಡವನಿಗೆ ಚರಿತ್ರೆಯಲ್ಲಿ ಸಿಗುವ ಜಾಗ ಹೆಚ್ಚಾಗಿ ಇಷ್ಟೇ. ಅದನ್ನಾದರೂ ಸವೆಯದಂತೆ ಕಾಪಾಡಿಕೊಳ್ಳುವುದು ನಮ್ಮ ಕೈಯಲ್ಲಿದೆ.